ಬ್ಲಾಕಿಗೆ ಚೈನು

"ಲೇ ಹಲ್ಕಾ, ಆ ಗಲೀಜು ಚೈನ್ ಎತ್ಕೊಂಡು ಒಳಕ್ಕೇ ಬಂದ್‌ಬಿಟ್ಯಲ್ಲೋ! ಯಾವನೋ ನಿನ್ನ ಕರ್ದೋನು?"

ಎಂಜಿನಿಯರ್ ನಾಗೇಶ್ ಸಾಹೇಬರು ಕಚೇರಿ ಹಾಲಿನ ಬಾಗಿಲಲ್ಲೇ ನನ್ನನ್ನು ಹಿಡಿದರು. ನನ್ನ ಹೆಗಲ ಮೇಲೆ ಕಬ್ಬಿಣದ ಚೈನು, ಕೈಯಲ್ಲಿ ಬಿದಿರಿನ ದಬ್ಬೆ. ಕಾಲ ಕೆಳಗೆ ಹೊಸ ಕೆಂಪು ಕಾರ್ಪೆಟ್ಟು.

"ನೀವೇ ಕರ್ದಿದ್ದಲ್ವಾ ಸಾ? ಅನ್ನೊಂದು ಗಂಟೆಗೆ ಆಪೀಸ್ನಾಗೆ ಬ್ಲಾಕು, ಚೈನು ಅಂತ ಮೇಸ್ತ್ರಿ ಯೋಳ್ದ."

ಒಳಗೆ ಸಭೆಗೆ ಕುಳಿತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಯಾರನ್ನು ನೋಡಿ ನಗುತ್ತಿದ್ದಾರೆಂದು ತಿಳಿಯುವ ಮೊದಲೇ ನಗುವುದು ನನ್ನ ಹಳೇ ಚಾಳಿ.

ನನ್ನ ತಪ್ಪೇನು ಹೇಳಿ. ಓದಿದ್ದು ಮೂರನೇ ಕ್ಲಾಸು. ಬರುವ ಇಂಗ್ಲಿಷ್ ಮಾತು ಒಂದು ಹತ್ತು ಇರಬಹುದು, ಅದರಲ್ಲಿ ಬ್ಲಾಕ್ ಎಂಬುದರಲ್ಲಂತೂ ನಾನು ಪಂಡಿತ. ಇಪ್ಪತ್ತು ವರ್ಷದಿಂದ ಹೆಬ್ಬಾಳದಿಂದ ಯಲಹಂಕದವರೆಗೆ ಜನರ ಕಕ್ಕಸಿನ ನೀರು ಎಲ್ಲಿ ನಿಂತರೂ ಅಲ್ಲಿಗೆ ಈ ಕಾಡಪ್ಪನನ್ನು ಇಳಿಸಿದ್ದಾರೆ. ಅದೂ ಅಲ್ಲದೆ, ಬರುವಾಗ ಗೇಟಿನ ಪಕ್ಕದ ಒಳಚರಂಡಿ ಚೇಂಬರು ಗುಳುಗುಳು ಎನ್ನುತ್ತಿತ್ತು. ಇನ್ನರ್ಧ ಗಂಟೆಗೆ ಉಕ್ಕುತ್ತದೆ ಎಂದು ಲೆಕ್ಕ ಹಾಕಿಯೇ ಒಳಗೆ ಬಂದಿದ್ದೆ.

ಧಾರವಾಡ ಕಡೆಯ ಕಂಪ್ಯೂಟರ್ ಆಫೀಸರು ದಾಕ್ಷಾಯಣಿ ಮೇಡಂ ಮಾತ್ರ ನಗಲಿಲ್ಲ.

"ಇರ್ಲಿ ಬಿಡ್ರಿ ಸರ, ಅವ್ರಿಗೂ ತಿಳೀಲಿ. ಬರ್ರಿ ಯಪ್ಪಾ, ಕುಂದರ್ರಿ."

ಕುರ್ಚಿಗೆ ನನ್ನ ವಾಸನೆ ಹತ್ತೀತೆಂದು ಗೋಡೆಗೊರಗಿ ನಿಂತೆ. ಮೇಡಂ ಪರದೆ ತೋರಿಸುತ್ತ ವಿವರಿಸಿದರು.

"ಬ್ಲಾಕ್‌ಚೈನ್ ಅಂದ್ರ, ಸರ್ಕಾರದ ಒಂದೊಂದು ಖರ್ಚೂ ಸರಪಳಿ ಕೊಂಡಿ ಇದ್ದಂಗ. ಒಮ್ಮೆ ಬರದ್ರ ಅಳಸಾಕ ಬರಂಗಿಲ್ಲ. ಯಾರು ಬೇಕಾದ್ರೂ ಮೊಬೈಲ್‌ನಾಗ ನೋಡಬಹುದು. ಕಳ್ಳಲೆಕ್ಕ ನಡಿಯಂಗಿಲ್ಲ."

ನನ್ನ ಎದೆ ಹಗುರಾಯಿತು. ನನ್ನ ಜೊತೆಗಾರ ಶಿವಪ್ಪ ಹೋದ ಮಂಗಳವಾರ ಬ್ಯಾಟರಾಯನಪುರದ ಏಳನೇ ಕ್ರಾಸಿನ ಗುಂಡಿಯಲ್ಲಿ ಗಾಜು ತುಳಿದಿದ್ದ. ಈಗ ಕಾಲು ಕಪ್ಪಾಗಿ ಆಸ್ಪತ್ರೆಯಲ್ಲಿದ್ದಾನೆ. ಅವತ್ತು ಅವನು ಕೆಲಸದಲ್ಲಿದ್ದ ಎಂದು ಕಚೇರಿಯಿಂದ ಒಂದು ಚೀಟಿ ಸಿಕ್ಕಿದರೆ ಚಿಕಿತ್ಸೆ ಪುಕ್ಕಟೆ. ಇಲ್ಲದಿದ್ದರೆ ಸಂಜೆಯೊಳಗೆ ಹಾಸಿಗೆ ಖಾಲಿ ಮಾಡಬೇಕು. ಸಾಹೇಬರು ನಾಲ್ಕು ದಿನದಿಂದ ನಾಳೆ ಬಾ ಎನ್ನುತ್ತಲೇ ಇದ್ದರು.

"ಮೇಡಂ, ಓದ ಮಂಗ್ಳಾರ, ಏಳ್ನೇ ಕ್ರಾಸು. ಅದೈತಾ ಇದ್ರಾಗೆ?"

ಇತ್ತು. ಮೇಡಂ ಓದಿದರು: "ಜೆಟ್ಟಿಂಗ್ ಯಂತ್ರ, ಮೂರು ಗಂಟೆ. ಕಾರ್ಮಿಕರು ಇಳಿದಿಲ್ಲ."

ಚರಂಡಿಗೆ ರಭಸದ ನೀರು ಹೊಡೆಯುವ ಆ ಯಂತ್ರ ಯುಗಾದಿಯಿಂದ ಕಚೇರಿಯ ಹಿಂದೆ ಕೆಟ್ಟು ನಿಂತಿದೆ. ಅದರಡಿ ನಾಯಿ ಮರಿ ಹಾಕಿದೆ. ಹಾಗಾದರೆ ಮೂರು ಗಂಟೆ ಕತ್ತಿನವರೆಗೆ ಮುಳುಗಿದ್ದ ಯಂತ್ರ ನಾವೇ. ಇಷ್ಟು ವರ್ಷಕ್ಕೆ ಬಡ್ತಿಯಾದರೂ ಸಿಕ್ಕಿತಲ್ಲ ಎಂದುಕೊಂಡೆ. ಮರುಕ್ಷಣವೇ ಶಿವಪ್ಪನ ಚೀಟಿ ನೆನಪಾಗಿ ಪರದೆಯ ಹತ್ತಿರ ಹೋದೆ.

"ಮಿಸಿನ್ ಅಲ್ಲ ಮೇಡಂ, ನಾನೂ ಶಿವಪ್ಪನೂ ಇಳ್ದಿದ್ದು. ಅದ ಅಳ್ಸಿ."

ಮೇಡಂ ಮುಖ ಸಣ್ಣದಾಯಿತು. "ಅಳಸಾಕ ಬರಂಗಿಲ್ರೀ. ಕೆಳಗ ತಿದ್ದುಪಡಿ ಸೇರಸಬಹುದು. ಆದ್ರ ಸಾಹೇಬ್ರೇ ಬರೀಬೇಕು."

"ಮುಚ್ಕೊಂಡ್ ನಡಿಯೋ ಬೋಳಿಮಗನೆ!" ಸಾಹೇಬರು ಎದ್ದೇ ಬಿಟ್ಟರು. "ಕಾನೂನು ಮೀರಿ ಮನುಷ್ಯರನ್ನ ಗುಂಡಿಗೆ ಇಳಿಸ್ದೆ ಅಂತ ನನ್ ಕೈಲೇ ಬರೆಸ್ತೀಯಾ? ನಾನು ಜೈಲಿಗೆ ಹೋಗ್ಬೇಕಾ?"

ಅಷ್ಟರಲ್ಲಿ ಹೊರಗಿನಿಂದ ವಾಚ್‌ಮನ್ ಕೂಗಿದ: "ಸಾರ್, ಚೇಂಬರ್ ಉಕ್ತೈತೆ!"

ನನ್ನ ಲೆಕ್ಕ ಐದು ನಿಮಿಷ ತಪ್ಪಿತ್ತು, ಅಷ್ಟೇ. ಕಪ್ಪು ನೀರು ಹೊಸಿಲು ದಾಟಿತು. ಸಾಹೇಬರ ದನಿ ಬೆಣ್ಣೆಯಾಯಿತು.

"ಕಾಡಪ್ಪಾ, ಹೋಗಪ್ಪಾ, ಬೇಗ ಇಳಿ. ದೊಡ್ಡ ಸಾಹೇಬ್ರು ಬರೋ ಟೈಮು."

ಇಪ್ಪತ್ತು ವರ್ಷದಲ್ಲಿ ಆ ಬಾಯಿಂದ ನನ್ನ ಹೆಸರು ಬಂದದ್ದು ಅದೇ ಮೊದಲು. ನಾಚಿಕೆಗೆಟ್ಟ ಕಾಲು ಆಗಲೇ ಬಾಗಿಲ ಕಡೆಗೆ ಹೆಜ್ಜೆ ಇಟ್ಟಿತ್ತು. ಅದನ್ನು ಎಳೆದುಕೊಂಡು ಬಂದು, ದೊಡ್ಡ ಸಾಹೇಬರಿಗೆಂದು ಟವೆಲ್ ಹಾಸಿದ್ದ ಮುಂದಿನ ಕುರ್ಚಿಯಲ್ಲಿ ಕುಳಿತೆ. ಚೈನನ್ನು ತೊಡೆಯ ಮೇಲಿಟ್ಟುಕೊಂಡೆ.

"ಮನುಸ್ರು ಇಳಿಯಂಗಿಲ್ವಲ್ಲ ಸಾ, ಮಿಸಿನ್ ಕರೀರಿ. ಇಲ್ಲಾಂದ್ರೆ ಶಿವಪ್ಪನ್ ಎಸ್ರು ಬರೀರಿ, ಇಳೀತೀನಿ."

ನೀರು ಕಾರ್ಪೆಟ್ಟಿನ ಅಂಚಿಗೆ ಬಂತು. ಎಲ್ಲರೂ ಬೂಟುಗಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡರು. ನನ್ನ ಬರಿಗಾಲು ನೆಲದ ಮೇಲೇ ಇತ್ತು.