ನೂರ ಹನ್ನೆರಡನೇ ಪುಟದ ತಪ್ಪು

ಜಿಲ್ಲೆಯ ಇತಿಹಾಸದ ಪುಸ್ತಕ ಮುದ್ರಣಾಲಯಕ್ಕೆ ಅಚ್ಚಿಗೆ ಬಂದಿತ್ತು. ಕೋಟೆ, ಗಡಿಯಾರದ ಗೋಪುರ, ಹಳೇ ನ್ಯಾಯಾಲಯ ಎಲ್ಲ ಮುಗಿದು ಸೇತುವೆಯ ಪುಟ ಬಂದಾಗ ಕರಡು ತಿದ್ದುವವಳ ಪೆನ್ನು ನಿಂತಿತು. ‘ಈ ಭವ್ಯ ಸೇತುವೆ ಒಂದೇ ಒಂದು ಪ್ರಾಣಹಾನಿಯಿಲ್ಲದೆ ಪೂರ್ಣಗೊಂಡಿತು.’

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅದೇ ಸೇತುವೆಯ ಮೂರನೇ ಕಂಬ ಕುಸಿದಾಗ ಅವಳ ಅಜ್ಜ ಅದರಡಿ ಸಿಕ್ಕಿ ಸತ್ತಿದ್ದ. ಜೊತೆಗೆ ಇನ್ನೂ ಎಂಟು ಜನ. ತನ್ನಪ್ಪನಿಗೆ ಬುತ್ತಿ ತಂದಿದ್ದ ಸೋದರತ್ತೆ, ಆಗ ಹತ್ತು ವರ್ಷದವಳು, ದಡದಲ್ಲಿ ನಿಂತು ಕಣ್ಣಾರೆ ಕಂಡಿದ್ದಳು.

‘ಒಂಬತ್ತು ಜನ ಸತ್ತರು’ ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸಿದಳು. ಪುಸ್ತಕದ ಸಂಪಾದಕರು ಅದನ್ನು ಹೊಡೆದುಹಾಕಿ ಹಿಂದಕ್ಕೆ ಕಳಿಸಿದರು. ಅವಳು ಅತ್ತೆಯನ್ನು ಕರೆದುಕೊಂಡು ನೆಟ್ಟಗೆ ಅವರ ಕಚೇರಿಗೇ ಹೋದಳು.

“ಕಾಗುಣಿತ ನೋಡೋದು ನಿನ್ನ ಕೆಲಸ ಕಣಮ್ಮ, ಇತಿಹಾಸ ಅಲ್ಲ,” ಎಂದರು ಸಂಪಾದಕರು ಕನ್ನಡಕ ಒರೆಸುತ್ತ. “ದಾಖಲೆ ಇದೆಯಾ?”

“ನಾನೇ ಇದ್ದೀನಲ್ಲಪ್ಪ,” ಎಂದಳು ಅತ್ತೆ. “ನಮ್ಮಪ್ಪನ್ನ ಚಪ್ಪಲಿ ನೋಡಿ ಗುರುತು ಹಿಡಿದೋಳು. ಯಾರ್ಯಾರು ಅಂತ ಹೇಳ್ಲಾ? ಗಾರೆ ಕಲಸ್ತಿದ್ದ ಅಣ್ಣತಮ್ಮ, ಕುಲುಮೆ ತಾತ, ಕಲ್ಲು ಹೊರ್ತಿದ್ದ ಬಸುರಿ...”

“ಬಾಯಿಮಾತೆಲ್ಲ ಇತಿಹಾಸ ಆಗಲ್ಲಮ್ಮ.”

“ಯಾರೂ ಸಾಯಲಿಲ್ಲ ಅನ್ನೋಕೆ ನಿಮ್ಮ ಹತ್ರ ಯಾವ ದಾಖಲೆ ಇದೆ ಸಾರ್?” ಎಂದು ಕರಡು ತಿದ್ದುವವಳು ಕೇಳಿದಳು.

ಸಂಪಾದಕರು ಗಡಿಯಾರ ನೋಡಿ, ಊಟದ ಹೊತ್ತಾಯಿತೆಂದು ಎದ್ದರು.

ಮೆಟ್ಟಿಲಿಳಿಯುವಾಗ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು.

“ಅಳಬೇಡ ಅತ್ತೆ.”

“ಯಾರೇ ಅಳ್ತಿರೋದು? ಆ ಮುಖಕ್ಕೆ ಎರಡು ಬಿಡಬೇಕಿತ್ತು!”

ಪುಸ್ತಕ ಹಾಗೇ ಅಚ್ಚಾಯಿತು. ಪುಟಗಳು ಹೊಲಿಗೆಗೆ ಹೋಗುವ ಮೊದಲು ಅವಳು ಒಂದು ತಪ್ಪು-ಒಪ್ಪು ಚೀಟಿ ಅಚ್ಚು ಮಾಡಿದಳು. ‘ಪುಟ ೧೧೨. ತಪ್ಪು: ಪ್ರಾಣಹಾನಿಯಿಲ್ಲದೆ. ಒಪ್ಪು: ಒಂಬತ್ತು ಜನರ ಪ್ರಾಣ ತೆಗೆದು.’ ಕೆಳಗೆ ಅತ್ತೆ ಹೇಳಿದ ಒಂಬತ್ತೂ ಹೆಸರು. ರಟ್ಟು ಕಟ್ಟುವವಳಿಗೆ ವಿಷಯ ಹೇಳಿದಾಗ ಅವಳು ಸೆರಗು ಸಿಕ್ಕಿಸಿ ಅಂಟು ಕಲಸಿದಳು. ಇಬ್ಬರೂ ಕೂತು ಎಲ್ಲ ಪ್ರತಿಗೂ ಅಂಟಿಸಿದರು.

ಸಂಪಾದಕರ ಕಣ್ಣಿಗೆ ಅದು ಬೀಳುವಷ್ಟರಲ್ಲಿ ಪುಸ್ತಕಗಳು ಜಿಲ್ಲೆಯ ಶಾಲೆಗಳಿಗೆಲ್ಲ ಹೋಗಿಯಾಗಿತ್ತು. ಮುದ್ರಣಾಲಯದ ಯಜಮಾನರು ಕೂಗಾಡಿದರು.

“ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲೇ! ನಾಳೆಯಿಂದ ಇತ್ತ ತಲೆ ಹಾಕಬೇಡ.”

“ಅಂಟಿಸಿದ್ದು ನಾನೊಬ್ಳೇ. ಅವಳನ್ನ ಏನೂ ಅನ್ಬೇಡಿ,” ಎಂದು ರಟ್ಟು ಕಟ್ಟುವವಳನ್ನು ತೋರಿಸಿ, ಒಂದು ಪ್ರತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟುಬಂದಳು.

ಮನೆಯಲ್ಲಿ ಅತ್ತೆ ಚೀಟಿಯನ್ನು ಎರಡು ಸಲ ಓದಿಸಿದಳು. ತನ್ನಪ್ಪನ ಹೆಸರು ಎಲ್ಲಿದೆಯೆಂದು ಕೇಳಿ ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ಸಿಡುಕಿದಳು.

“ಅಕ್ಷರ ಇನ್ನೂ ದಪ್ಪ ಹಾಕೋಕೆ ಏನಾಗಿತ್ತೇ ನಿಂಗೆ?”