ಐದನೆಯ ಸ್ಥಳದಲ್ಲಿ ನಿಂತ ಸದ್ದು

ನಾನು ಒಂದು ಮರದ ಗಂಟೆ. ಗಂಟೆ ಎಂದು ಹೆಸರಿಟ್ಟರು, ಗಂಟಲು ಕೊಡಲಿಲ್ಲ. ಒಂದು ಮೊಳದ ಹಲಗೆ, ಅದಕ್ಕೊಂದು ಹಿಡಿ, ಹಲಗೆಯ ಮೇಲೆ ಕೀಲಿನಲ್ಲಿ ಅತ್ತಿಂದಿತ್ತ ಬೀಳುವ ಪುಟ್ಟ ಕೊಡತಿ. ನನ್ನ ಮೈಕಟ್ಟು ಇಷ್ಟೇ. ಅಲ್ಲಾಡಿಸಿದರೆ 'ಟಕ್ ಟಕ್' ಎನ್ನುತ್ತೇನೆ. ಅದಕ್ಕೇ ಊರವರು ನನ್ನನ್ನು ಟಕಟಕಿ ಎಂದು ಕರೆದರು.

ನಾನು ಹುಟ್ಟಿದ್ದು ಕಲ್ಲುಶಿಲುಬೆಪಾಳ್ಯದಲ್ಲಿ. ಮೈಸೂರಿನಿಂದ ಮೂಡಲಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ ಕುಲುಕಿದರೆ ಸಿಗುವ ಊರು. ಅಲ್ಲಿನ ಚರ್ಚಿನ ಹಳೆಯ ಪಾಪನಿವೇದನೆಯ ಪೀಠಕ್ಕೆ ಗೆದ್ದಲು ಹಿಡಿದಾಗ ಬಡಗಿ ರಾಯಪ್ಪ ಅದನ್ನು ಬಿಚ್ಚಿದ. ಜನ ಮಂಡಿಯೂರುತ್ತಿದ್ದ ಹಲಗೆಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಹುಡಿಯಾಗಿತ್ತು.

"ಇಷ್ಟೊಂದ್ ಪಾಪ ಕೇಳಿ ಕಹಿಯಾಗ್ಬುಟ್ಟದೆ ಕಣ್ರೋ, ಗೆದ್ಲಿಗೂ ಸೇರ್ನಿಲ್ಲ" ಎಂದು ರಾಯಪ್ಪ ನಕ್ಕು, ಆ ಹಲಗೆಯಿಂದ ನನ್ನನ್ನು ಮಾಡಿದ. ಊರಿನ ಎಲ್ಲರ ಮಂಡಿಯ ತೂಕವೂ, ಎಲ್ಲರ ಮಂಡೆಬಿಸಿಯೂ ನನಗೆ ಗೊತ್ತು. ಆದರೆ ಕೇಳಿದ್ದನ್ನು ಹೇಳುವುದಿಲ್ಲ. ಗುರುಗಳಿಗಿರುವ ನಿಯಮ ಹಲಗೆಗೂ ಇದೆ.

ನನ್ನ ಕೆಲಸವೇನು ಎಂದಿರಾ? ಪವಿತ್ರ ಗುರುವಾರದ ಸಂಜೆ ಪೂಜೆಯಲ್ಲಿ ಒಮ್ಮೆ ಜೋರಾಗಿ ಬಾರಿಸಿಕೊಂಡ ಮೇಲೆ, ಗೋಪುರದ ಕಂಚಿನ ಗಂಟೆ ಶನಿವಾರ ರಾತ್ರಿ ಸ್ವಾಮಿ ಮತ್ತೆ ಎದ್ದುಬರುವ ಪಾಸ್ಕ ಜಾಗರಣೆಯವರೆಗೆ ಬಾಯಿ ಬಿಡುವಂತಿಲ್ಲ. ಸ್ವಾಮಿ ಸಂಕಟಪಡುವ ಹೊತ್ತಿನಲ್ಲಿ ಕಂಚಿನ ಇಂಪು ಬೇಡ ಎಂಬುದು ಹಿರಿಯರ ಕಟ್ಟಳೆ. ಆ ಎರಡು ದಿನ ನನ್ನ ದರ್ಬಾರು. ಉಳಿದ ಮುನ್ನೂರ ಅರವತ್ತಮೂರು ದಿನ ಕಪಾಟಿನ ಕತ್ತಲು. ಅಲ್ಲಿ ಬೇಸರ ಕಳೆಯಲು ನಾನು ಅಣಕು ಕಲಿತೆ. ಕಂಚಿನಮ್ಮನ 'ಢಣ್ಣ್' ಎಂಬ ಬೀಗುವಿಕೆ, ಹಾಲಿನವನ ಮೊಪೆಡ್ಡಿನ ಬಿಕ್ಕಳಿಕೆ, ಉಪದೇಶಿ ಜಪಮಾಲಪ್ಪನವರ ಕೆಮ್ಮು, ಎಲ್ಲವೂ ನನಗೆ ಬಾಯಿಪಾಠ. ಕೇಳುವವರು ಜಿರಳೆಗಳು ಮಾತ್ರ. ಅವು ಚಪ್ಪಾಳೆ ತಟ್ಟುವ ಜಾತಿಯಲ್ಲ.

ಮೊದಲು ನನ್ನನ್ನು ಹಿಡಿದವರು ಈ ಜಪಮಾಲಪ್ಪನವರೇ. ಶುಭ ಶುಕ್ರವಾರದ ಬೆಳಿಗ್ಗೆ ಊರ ಬೀದಿಗಳಲ್ಲಿ ಶಿಲುಬೆ ಹಾದಿ ನಡೆಯುತ್ತದೆ. ಹದಿನಾಲ್ಕು ಸ್ಥಳಗಳು, ಸ್ವಾಮಿಯ ಕೊನೆಯ ನಡಿಗೆಯ ಒಂದೊಂದು ಘಟನೆಗೆ ಒಂದೊಂದು. ಒಬ್ಬ ಯೇಸುಸ್ವಾಮಿಯ ವೇಷದಲ್ಲಿ ಹೊನ್ನೆಮರದ ಶಿಲುಬೆ ಹೊತ್ತು ನಡೆಯುತ್ತಾನೆ. ಪ್ರತಿ ಸ್ಥಳದಲ್ಲೂ ಮೆರವಣಿಗೆ ನಿಲ್ಲುತ್ತದೆ. ಗುರುಗಳು ಓದುತ್ತಾರೆ, ಜನ ಮಂಡಿಯೂರಿ ಏಳುತ್ತಾರೆ. ಆಮೇಲೆ ನಾನು ಮೂರು ಸಲ ಟಕ್ ಎನ್ನಬೇಕು. ನಾನು ಅನ್ನದೆ ಯಾರೂ ಹೆಜ್ಜೆ ಎತ್ತುವಂತಿಲ್ಲ. ಗುರುಗಳೂ ಇಲ್ಲ, ಸ್ವಾಮಿಯ ವೇಷದವನೂ ಇಲ್ಲ. ಜಪಮಾಲಪ್ಪನವರು ಉಪವಾಸದ ಗಂಜಿಯನ್ನು ನೆನೆದು ಸರಸರನೆ ಬಡಿಯುತ್ತಿದ್ದರು. ಅವರ ಕಾಲದಲ್ಲಿ ಸ್ವಾಮಿ ಕಲ್ವಾರಿ ಬೆಟ್ಟಕ್ಕೆ ಬಹಳ ಬೇಗ ತಲುಪುತ್ತಿದ್ದರು.

ಅವರ ಕಣ್ಣು ಮಂಜಾದ ಮೇಲೆ ನಾನು ಲೂರ್ದಮ್ಮನ ಕೈಗೆ ಬಂದೆ. ಲೂರ್ದಮ್ಮ ನನ್ನನ್ನು ಮಾಡಿದ ರಾಯಪ್ಪನ ಸೊಸೆ, ಬಡಗಿ ಇನ್ನಾಸಪ್ಪನ ಹೆಂಡತಿ. "ಹೆಂಗ್ಸು ಟಕಟಕಿ ಹಿಡಿಯೋದಾ?" ಎಂದು ಒಂದಿಬ್ಬರು ಗೊಣಗಿದರು. "ರಾಗಿ ಬೀಸೋ ಕೈ, ಇದೇನ್ ಮಹಾ" ಎಂದಳು. ಅಷ್ಟಕ್ಕೆ ಮುಗಿಯಿತು. ಪ್ರತಿ ವರ್ಷ ಶುಭ ಶುಕ್ರವಾರಕ್ಕೆ ಮುಂಚಿನ ಗರಿಗಳ ಭಾನುವಾರ ಅವಳು ನನ್ನನ್ನು ಮನೆಗೆ ಒಯ್ಯುತ್ತಿದ್ದಳು. ಅಡುಗೆಮನೆಯ ಅಟ್ಟದಲ್ಲಿಟ್ಟು ಐದು ದಿನ ನನ್ನ ಕೀಲಿಗೆ ಹರಳೆಣ್ಣೆ ಬಿಡುತ್ತಿದ್ದಳು. ಕೀಲುನೋವು ಯಾರಿಗೆ ತಾನೇ ಇಲ್ಲ.

ಶಿಲುಬೆ ಹೊರುವವನು ಅವಳ ಗಂಡ ಇನ್ನಾಸಪ್ಪ. ಮಗಳು ರೀಟ ಎಂಟು ವರ್ಷದವಳಿದ್ದಾಗ ಮಿದುಳು ಜ್ವರ ಬಂದು ಹನ್ನೊಂದು ದಿನ ಕಣ್ಣು ತೆರೆದಿರಲಿಲ್ಲ. ಆಗ ಅವನು ಆಸ್ಪತ್ರೆಯ ಜಗಲಿಯಲ್ಲಿ ಹರಕೆ ಹೊತ್ತ: ಬದುಕಿರುವವರೆಗೆ ಪ್ರತಿ ಶುಭ ಶುಕ್ರವಾರ, ಇನ್ನೊಬ್ಬರ ಕೈ ತಾಗಿಸದೆ ಶಿಲುಬೆ ಹೊರುತ್ತೇನೆ. ಹುಡುಗಿ ಕಣ್ಣು ತೆರೆದಳು. ಹದಿನಾಲ್ಕು ವರ್ಷ ಅವನು ಮಾತು ಉಳಿಸಿಕೊಂಡ.

ಹಾಗಾಗಿ ಐದನೆಯ ಸ್ಥಳದಲ್ಲಿ ಒಂದು ತಮಾಷೆ ನಡೆಯುತ್ತಿತ್ತು. ಅದು ಸಿರೇನ್ ಊರಿನ ಸಿಮೋನ ಎಂಬವನು ಸ್ವಾಮಿಯ ಶಿಲುಬೆಗೆ ಹೆಗಲು ಕೊಟ್ಟ ಸ್ಥಳ. ಸಿಮೋನನ ವೇಷ ಲೂರ್ದಮ್ಮನ ತಮ್ಮ ಅರುಳಪ್ಪನದು. ಅವನು ನೀಲಿ ಪೇಟ ಸುತ್ತಿಕೊಂಡು ಬಂದು, ಕಾದ ಹೆಂಚು ಮುಟ್ಟಿದ ಹಾಗೆ ಎರಡು ಬೆರಳಲ್ಲಿ ಶಿಲುಬೆ ಮುಟ್ಟಿ ಹಿಂದೆ ಸರಿಯುತ್ತಿದ್ದ. ಮೊದಮೊದಲು ಭಾವನ ಹರಕೆಯ ಗೌರವಕ್ಕೆ. ಕಡೆಯ ಮೂರು ವರ್ಷ ಮಾತ್ರ ಸಿಟ್ಟಿಗೆ. ರೀಟಳ ಮದುವೆಯ ಬಾಡೂಟದಲ್ಲಿ, ಸೋದರಮಾವನಾದ ತನ್ನನ್ನು ಮೂರನೆಯ ಪಂಕ್ತಿಗೆ ಕೂರಿಸಿ ಎಲೆಗೆ ಬರೀ ಮೂಳೆ ಬಡಿಸಿದರು ಎಂದು ಅರುಳಪ್ಪ ಅರ್ಧ ಊಟಕ್ಕೇ ಎದ್ದಿದ್ದ. ಅಂದಿನಿಂದ ಭಾವ ಭಾಮೈದ ಇಬ್ಬರೂ ಒಂದೇ ಪೂಜೆಗೆ ಬರುತ್ತಿದ್ದರು, ಒಬ್ಬ ಕಂಬದ ಈಚೆ, ಒಬ್ಬ ಆಚೆ.

ಆ ವರ್ಷ ಅಟ್ಟದ ಮೇಲೆ ಕುಳಿತು ನಾನು ಕೇಳಬಾರದ್ದನ್ನು ಕೇಳಿದೆ. ಇನ್ನಾಸಪ್ಪನಿಗೆ ಹರ್ನಿಯಾ ಆಗಿತ್ತು. ಮರದ ದಿಮ್ಮಿ ಎತ್ತಿ ಎತ್ತಿ ಕರುಳು ಕೆಳಕ್ಕೆ ಜಾರಿತ್ತು. "ಭಾರ ಎತ್ತಿದ್ರೆ ಕರುಳು ಸಿಕ್ಕಾಕೋತದೆ, ಆಮೇಲೆ ಜೀವಕ್ಕೇ ಬರ್ತದೆ, ತಕ್ಷಣ ಆಪರೇಷನ್ ಮಾಡ್ಸು" ಎಂದು ಡಾಕ್ಟರು ಹೇಳಿ ತಿಂಗಳಾಗಿತ್ತು. ಇವನು ಹೆಂಡತಿಗೆ ಹೇಳದೆ ಹೊಟ್ಟೆಗೆ ಬಿಗಿಯಾಗಿ ಟವೆಲು ಸುತ್ತಿಕೊಂಡು ಓಡಾಡುತ್ತಿದ್ದ. ಬುಧವಾರ ಆ ಟವೆಲು ಒಗೆಯಲು ಹುಡುಕಿದ ಲೂರ್ದಮ್ಮನಿಗೆ ಅದು ಸಿಕ್ಕಿದ್ದು ಗಂಡನ ಹೊಟ್ಟೆಯ ಮೇಲೆ.

"ಹಬ್ಬ ಕಳೀಲಿ, ಹೋಗ್ತೀನಿ" ಎಂದ ಅವನು. "ಈ ಉಪಾಸದ ತಪಸ್ಸು ಕಾಲ್ದಲ್ಲಿ ನೋವು ಬಂದ್ರೆ ಒಳ್ಳೇದೇ ಕನ. ದೇವ್ರು ಬೋನಸ್ ಕೊಟ್ಟವ್ನೆ ಅನ್ಕೊ."

"ಬೋನಸ್ಸು! ಸತ್ರೆ ಪೆನ್ಷನ್ನೂ ಕೊಟ್ಟಾನು."

"ನಗಾಡ್ಬ್ಯಾಡ. ರೀಟನ ನೋಡು." ಅವನ ದನಿ ಇಳಿಯಿತು. ರೀಟ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಎಂಟನೇ ತಿಂಗಳು, ನಡುಮನೆಯಲ್ಲಿ ಮಲಗಿದ್ದಳು. "ಈಗ ಹರಕೆ ಮುರುದ್ರೆ, ಅವ್ಳಿಗೇನಾರ ಆದ್ರೆ? ಹೊಟ್ಟೇಲಿರದಕ್ಕೇನಾರ ಆದ್ರೆ? ನನ್ ಕರುಳು ಹೋದ್ರೆ ಹೋಗ್ಲಿ."

ಲೂರ್ದಮ್ಮ ಎದ್ದು ದೀಪ ಆರಿಸಿದಳು. ಗುರುವಾರ ಬೆಳಿಗ್ಗೆ ನನ್ನನ್ನು ಇಳಿಸಿ ಕೀಲಿಗೆ ಎಣ್ಣೆ ಬಿಟ್ಟಳು, ಅಂದು ಸ್ವಲ್ಪ ಜಾಸ್ತಿಯೇ ಬಿಟ್ಟಳು. ನನ್ನ ಹಿಡಿಯ ಮೇಲೆ ಅವಳ ಬೆರಳು ಬಿಗಿಯಾಗಿದ್ದ ರೀತಿಯಲ್ಲೇ ನನಗೆ ಗೊತ್ತಾಯಿತು: ಇವಳು ಏನನ್ನೋ ನಿಶ್ಚಯಿಸಿದ್ದಾಳೆ.

ಶುಕ್ರವಾರ ಬಿಸಿಲು ಒಂಬತ್ತಕ್ಕೇ ಬಾಣಲೆಯಾಗಿತ್ತು. ಇನ್ನಾಸಪ್ಪ ನೇರಳೆ ಬಣ್ಣದ ನಿಲುವಂಗಿ ತೊಟ್ಟು, ಜಾಲಿಮುಳ್ಳಿನ ಕಿರೀಟ ಇಟ್ಟುಕೊಂಡು ಶಿಲುಬೆಗೆ ಹೆಗಲು ಕೊಟ್ಟ. ಮುಂದೆ ನಾನು ಮತ್ತು ಲೂರ್ದಮ್ಮ. ಹಿಂದೆ ರಟ್ಟಿನ ಶಿರಸ್ತ್ರಾಣದ ರೋಮನ್ ಸೈನಿಕರು. ಅವರ ಹಿಂದೆ ಊರಿಗೆ ಊರೇ. ಗುರುಗಳು ಫಾದರ್ ಹಿಲರಿ, ಕರಾವಳಿಯವರು, ಬಂದು ಒಂದು ವರ್ಷವೂ ಆಗಿರಲಿಲ್ಲ. ಕೈಯಲ್ಲೊಂದು ಮೈಕು. ಅವರ ಕನ್ನಡವನ್ನು ಅಣಕಿಸುವುದೆಂದರೆ ನನಗೆ ಭಾರಿ ಇಷ್ಟ: 'ಎಂತ ಮಾರಾಯ, ಪೂಜೆಗೆ ಲೇಟು ಬರುವುದಾ?'

ಮೂರನೆಯ ಸ್ಥಳದಲ್ಲಿ ಸ್ವಾಮಿ ಮೊದಲ ಸಲ ಬೀಳಬೇಕು. ಇನ್ನಾಸಪ್ಪ ಬಿದ್ದ. ಆದರೆ ಆಟಕ್ಕೆ ಬಿದ್ದದ್ದಲ್ಲ ಅದು, ಏಳುವಾಗ ಹಲ್ಲು ಕಚ್ಚಿದ ಸದ್ದು ನನಗೆ ಕೇಳಿಸಿತು. ನಾಲ್ಕನೆಯ ಸ್ಥಳಕ್ಕೆ ಅವನ ತುಟಿ ಬೂದಿಯಾಗಿತ್ತು. ಐದನೆಯ ಸ್ಥಳ ಹಾಲಿನ ಡೈರಿಯ ಮುಂದೆ. ಫಾದರ್ ಓದಿ ಮುಗಿಸಿದರು. ಜನ ಮಂಡಿಯೂರಿ ಎದ್ದರು. ಅರುಳಪ್ಪ ನೀಲಿ ಪೇಟದಲ್ಲಿ ಬಂದು, ಎರಡು ಬೆರಳು ತಾಗಿಸಿ, ಹಿಂದೆ ಸರಿದ. ಇನ್ನು ನನ್ನ ಸರದಿ.

ನಾನು ಕೊಡತಿ ಎತ್ತಲು ಸಿದ್ಧನಾಗಿ ಕಾದೆ. ಲೂರ್ದಮ್ಮ ನನ್ನನ್ನು ಎದೆಗವಚಿಕೊಂಡು ಕಲ್ಲಿನಂತೆ ನಿಂತಳು.

"ಎಂತ ಲೂರ್ದಮ್ಮ, ಬಡಿಯುವುದಿಲ್ಲವಾ?" ಎಂದರು ಫಾದರ್. ಮೈಕು ಆರಿಸುವುದನ್ನು ಮರೆತಿದ್ದರು. ಪ್ರಶ್ನೆ ನಾಲ್ಕೂ ಬೀದಿಗೆ ಕೇಳಿಸಿತು.

"ಇಲ್ಲ ಫಾದರ್."

"ಕೀಲು ಏನಾದರೂ ಹೋಯಿತಾ?"

"ಟಕಟಕಿ ಕೀಲು ಗಟ್ಟಿಗದೆ. ಇವ್ರ ಕರುಳೇ ಜಾರ್ಬುಟ್ಟದೆ. ಡಾಕ್ಟ್ರು ಭಾರ ಎತ್ತಿದ್ರೆ ಸಾಯ್ತೀಯ ಅಂದವ್ರೆ. ಹೊಟ್ಟೆಗೆ ಟವಲ್ ಸುತ್ಕಂಡ್ ನಿಂತವ್ರೆ ನೋಡಿ."

ಅದೂ ನಾಲ್ಕೂ ಬೀದಿಗೆ ಕೇಳಿಸಿತು. ಜನರಲ್ಲಿ ಗುಜುಗುಜು ಎದ್ದಿತು. ಸೈನಿಕನೊಬ್ಬ ಬರಿಗಾಲು ಬದಲಿಸುತ್ತ, "ಅಕ್ಕ, ಟಾರು ಸುಡ್ತದೆ, ಬೇಗ ಬಡಿ" ಎಂದ.

"ನೀ ರೋಮಿನೋನು ಕನ್ಲಾ, ಸುಮ್ಕಿರು" ಎಂದಳು ಲೂರ್ದಮ್ಮ.

"ಲೇ, ಊರ ಮುಂದೆ ಮಾನ ಕಳೀಬ್ಯಾಡ" ಎಂದ ಇನ್ನಾಸಪ್ಪ, ಶಿಲುಬೆಯ ಅಡಿಯಿಂದ. "ಬಡಿ."

"ಬಡಿಯಕಿಲ್ಲ. ಅರುಳಪ್ಪ ಮೊದ್ಲು ಹಿಡೀಲಿ. ಬೆರಳಲ್ಲಲ್ಲ, ಹೆಗಲಲ್ಲಿ."

"ಹರಕೆ, ಅಮ್ಮಿ... ರೀಟ..."

"ರೀಟ ನಂಗೂ ಮಗ್ಳೇಯ." ನನ್ನ ಹಲಗೆಯ ಮೇಲೆ ಅವಳ ಎದೆ ಬಡಿಯುವುದು ನನಗೆ ಗೊತ್ತಾಗುತ್ತಿತ್ತು. "ಹದ್ನಾಕ್ ವರ್ಷದಿಂದ ಈ ಜಾಗ್ದಲ್ಲಿ ನಿಂತ್ಕತೀಯಲ್ಲ ರೀಟನ ಅಪ್ಪಾ, ಇಲ್ಲೇನಾಯ್ತು ಅಂತ ಒಂದ್ಸಲನಾರ ಕೇಳಿಸ್ಕಂಡಿದ್ದೀಯಾ? ಯೇಸುಸ್ವಾಮಿಗೇ ಆಗ್ದೇ ಹೋದಾಗ ಒಬ್ಬ ಬಂದು ಹೆಗಲು ಕೊಟ್ಟ. ಅವ್ರು ಬ್ಯಾಡ ಅಂದ್ರಾ? ನನ್ ಹರಕೆ ಕೆಡ್ತದೆ ಅಂತ ನೂಕಿದ್ರಾ? ನೀ ಅವ್ರಿಗಿಂತ ದೊಡ್ಡೋನಾಗಕ್ಕೆ ಹೊಂಟಿದ್ದೀಯಾ?"

ಡೈರಿಯ ಕ್ಯಾನೊಂದರಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಫಾದರ್ ಹಿಲರಿ ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡರು. ಬಡಿಯಲೇ ಎಂದು ನನ್ನ ಕೊಡತಿ ತವಕಿಸುತ್ತಿತ್ತು. ಹುಟ್ಟಿದ್ದೇ ಬಡಿಯಲಿಕ್ಕೆ ಅಲ್ಲವೇ? ಆದರೂ ಅವತ್ತು ಅವಳ ಬೆರಳಿನ ಕೆಳಗೆ ಉಸಿರು ಬಿಗಿಹಿಡಿದೆ.

ಇನ್ನಾಸಪ್ಪ ತಲೆ ಎತ್ತಲಿಲ್ಲ. ನೋವು ಅವನಿಗೆ ಹೊಸದಲ್ಲ. ಅದನ್ನು ಹೊರಲು ಅವನಿಗೆ ಬರುತ್ತಿತ್ತು. ಇನ್ನೊಬ್ಬರಿಗೆ, ಅದೂ ಮಾತು ಬಿಟ್ಟವನಿಗೆ, ಅದರ ಒಂದು ತುದಿ ಕೊಡುವುದು ಬರುತ್ತಿರಲಿಲ್ಲ.

ಕೊನೆಗೆ ಬಾಯಿಬಿಟ್ಟವನು ಅರುಳಪ್ಪ. ನೀಲಿ ಪೇಟವನ್ನು ಬಿಚ್ಚಿ ಮಡಿಚಿ ಹೆಗಲಿಗೆ ಹಾಕಿಕೊಂಡ. ಮೂರು ವರ್ಷದಲ್ಲಿ ಮೊದಲ ಸಲ ಆ ಶಬ್ದ ಅವನ ನಾಲಗೆಯ ಮೇಲೆ ಬಂತು.

"ಭಾವ."

ಇನ್ನಾಸಪ್ಪ ಶಿಲುಬೆಯನ್ನು ಇನ್ನಷ್ಟು ಅವಚಿಕೊಂಡ.

"ಭಾವ, ಮೂಳೆ ತಿಂದೋನು ನಾನು, ಗಟ್ಟಿಗಿದ್ದೀನಿ. ಕೊಡಿ ಇತ್ಲಾಗೆ."

ಯಾರೋ ಕಿಸಕ್ಕೆಂದರು. ಇನ್ನಾಸಪ್ಪನಿಗೂ ನಗು ಬಂತು; ನಕ್ಕಿದ್ದೇ ಹೊಟ್ಟೆ ಹಿಡಿದು ನರಳಿದ; ನರಳುತ್ತಲೇ ಅತ್ತ. "ಆ ಮೂಳೆ ನಾ ಬಡ್ಸಲಿಲ್ಲ ಕನ್ಲಾ..."

"ಗೊತ್ತು. ಅಡುಗೆಯವ್ನು. ಸರ್ಕೊಳ್ಳಿ."

ಶಿಲುಬೆ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಸರಿಯಿತು. ಇನ್ನಾಸಪ್ಪ ಬರಿಗೈಯನ್ನು ಅದರ ಮೇಲಿಟ್ಟು ಪಕ್ಕದಲ್ಲಿ ನಿಂತ. ಆಗ ಲೂರ್ದಮ್ಮ ನನ್ನನ್ನು ಎತ್ತಿದಳು. ಟಕ್. ಟಕ್. ಟಕ್. ನನ್ನ ಜನ್ಮದಲ್ಲೇ ಅಷ್ಟು ಗಟ್ಟಿಯಾಗಿ ನಾನು ಮಾತಾಡಿದ್ದಿಲ್ಲ.

ಮರುದಿನ ಬೆಳಿಗ್ಗೆಯೇ ಅರುಳಪ್ಪನ ಲಗೇಜು ಆಟೋದಲ್ಲಿ ಇನ್ನಾಸಪ್ಪ ಮೈಸೂರಿನ ಆಸ್ಪತ್ರೆ ಸೇರಿದ. ಆ ಗಡಿಬಿಡಿಯಲ್ಲಿ ನನ್ನನ್ನು ಚರ್ಚಿಗೆ ಮರಳಿಸುವುದು ಮರೆತೇಹೋಯಿತು. ಅಟ್ಟದ ಮೇಲಿಂದಲೇ ಪಾಸ್ಕದ 'ಢಣ್ಣ್' ಕೇಳಿದೆ. ಎಂದಿಲ್ಲದೆ ಅದನ್ನು ಅಣಕಿಸಬೇಕು ಅನ್ನಿಸಲಿಲ್ಲ.

ಎಂಟು ದಿನಕ್ಕೆ ಅವನು ಮನೆಗೆ ಬಂದ. ಫಾದರ್ ನೋಡಲು ಬಂದಾಗ ಗೋಡೆಯ ಕಡೆ ಮುಖ ಮಾಡಿ ಕೇಳಿದ: "ಹರಕೆ ಮುರೀತಾ ಫಾದರ್?"

"ಇಲ್ಲ ಮಾರಾಯ. ಇಷ್ಟು ವರ್ಷ ನೀನು ಹದಿಮೂರೇ ಸ್ಥಳ ನಡೆದದ್ದು. ಐದನೆಯದ್ದನ್ನು ಹಾರಿಸಿ ಹೋಗುತ್ತಿದ್ದಿ. ಈ ಸಲ ಪೂರ್ತಿ ಆಯಿತು."

ಅಲ್ಲಿಗೆ ಎಲ್ಲ ಸುಖವಾಯಿತು ಎಂದುಕೊಳ್ಳಬೇಡಿ. ರೀಟಳ ಮಗು ದಿನ ತುಂಬುವ ಮೊದಲೇ ಹುಟ್ಟಿತು. ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. "ನೋಡ್ದಾ? ನಾ ಹೇಳ್ಲಿಲ್ವಾ?" ಎಂದು ಇನ್ನಾಸಪ್ಪ ಕುಸಿದು ಕುಳಿತ. ಲೂರ್ದಮ್ಮ ಬುತ್ತಿ ಕಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ.

"ನೀ ಹೊತ್ತಿದ್ರೂ ಮಗ ಆಗ್ಲೇ ಹುಟ್ಟೋದು. ನಿನ್ ಕರುಳು ಇಸ್ಕೊಂಡು ಮೊಮ್ಮಗನ್ನ ಕೊಡಕ್ಕೆ ದೇವ್ರೇನ್ ಸಂತೆ ಯಾಪಾರಿಯಾ? ಏಳು, ಚೊಂಬು ತಕೊ. ಅರುಳಪ್ಪ ಗಾಡಿ ತಂದವ್ನೆ."

ಅವನು ಎದ್ದ. ಮಗು ಉಳಿಯಿತು.

ಇದೆಲ್ಲ ಆಗಿ ಹತ್ತೊಂಬತ್ತು ವರ್ಷ. ನನ್ನ ಹಲಗೆ ಸೀಳು ಬಿಟ್ಟಿತು. ಇನ್ನಾಸಪ್ಪ ಹಲಸಿನ ತುಂಡಿನಲ್ಲಿ ಹೊಸ ಟಕಟಕಿ ಮಾಡಿಕೊಟ್ಟ. ಲೂರ್ದಮ್ಮ ನನ್ನನ್ನು ಕೇಳಿ ಪಡೆದಳು. ಈಗ ನಾನು ಅದೇ ಅಟ್ಟದಲ್ಲಿ, ಹರಳೆಣ್ಣೆಯ ಶೀಸೆಯ ಪಕ್ಕ. ಪುಣ್ಯಕ್ಕೆ ಇಲ್ಲಿ ಜಿರಳೆ ಕಡಿಮೆ.

ಕೆಲವರು ನನ್ನನ್ನು ಅಪಶಕುನ ಎನ್ನುತ್ತಿದ್ದರು, ಕೆಲವರು ನಾನೇ ನಿಜವಾದ ಗಂಟೆ ಎನ್ನುತ್ತಿದ್ದರು. ಎರಡೂ ಅಲ್ಲ. ಸಂಕಟದ ಎರಡು ದಿನ ನನ್ನವು. ಅವನ್ನು ಯಾರೂ ಹಾರಿಸಿ ಹೋಗುವಂತಿಲ್ಲ. ಆದರೆ ಮೂರನೆಯ ದಿನವೂ ನನ್ನನ್ನೇ ಬಡಿಯುತ್ತ ಕೂತರೆ ಅದು ಭಕ್ತಿಯಲ್ಲ, ಬರೀ ಗಲಾಟೆ.

ಈ ವರ್ಷ ಮಂಡಿನೋವು ಲೂರ್ದಮ್ಮನನ್ನು ಏಳಗೊಡಲಿಲ್ಲ. ಶುಭ ಶುಕ್ರವಾರ ಕಿಟಕಿಯ ಹತ್ತಿರ ಕುಳಿತು ನನ್ನನ್ನು ಮಡಿಲಲ್ಲಿಟ್ಟುಕೊಂಡಳು. ಡೈರಿ ನಮ್ಮ ಮನೆಗೆ ಎರಡೇ ಮನೆ ಆಚೆ. ಹೊಸ ಟಕಟಕಿಯ ಎಳೆಯ ದನಿ ಹತ್ತಿರ ಬಂತು, ಬಂತು, ನಿಂತಿತು. ಓದು ಮುಗಿಯಿತು. ಆಮೇಲೆ ಸದ್ದಿಲ್ಲ. ಅಂದಿನಿಂದ ಊರಿಗೆ ಅದೇ ಪದ್ಧತಿ. ಐದನೆಯ ಸ್ಥಳದಲ್ಲಿ ಟಕಟಕಿ ಬಡಿಯುವುದಿಲ್ಲ. ಗುಂಪಿನಿಂದ ಯಾರಾದರೊಬ್ಬರು, ವೇಷವಿಲ್ಲದವರು, ಮುಂದೆ ಬಂದು ಶಿಲುಬೆಗೆ ಹೆಗಲು ಕೊಡುವವರೆಗೆ ಇಡೀ ಊರು ಕಾಯುತ್ತದೆ.

ಲೂರ್ದಮ್ಮನೂ ಕಾದಳು. ನನ್ನ ಹಿಡಿಯ ಮೇಲೆ ಅವಳ ಬೆರಳು ಅದೇ ಹಳೆಯ ಬಿಗಿಯಲ್ಲಿತ್ತು. ಹೊರಗೆ ಯಾರದೋ ಚಪ್ಪಲಿ ಕಳಚಿದ ಸದ್ದು. ಮರ ಕಿರುಗುಟ್ಟಿತು. "ಹಿಡ್ಕಂಡೆ, ಬುಡು" ಎಂದಿತು ಒಂದು ಗಂಡು ದನಿ. ಯಾರದೆಂದು ನನಗೆ ತಿಳಿಯಲಿಲ್ಲ.

ಬೀದಿಯಲ್ಲಿ ಮೂರು ಸಲ ಕೇಳಿಸಿತು. ಮಡಿಲಲ್ಲಿ, ಸೀಳಿದ ಮೈಯಲ್ಲೇ, ನಾನೂ ಮೂರು ಸಲ ಅಂದೆ.