ಕೊಳದ ತಳದ ಬಿರಡೆ

ಅತ್ತೆ ಊರಿನಿಂದ ಬರುವುದರೊಳಗೆ ಹಿತ್ತಲಿನ ಈಜುಕೊಳವನ್ನು ಫಳಫಳ ಹೊಳೆಯುವಂತೆ ಮಾಡಿಡಬೇಕೆಂದು ಅಳಿಯ ಮನಸ್ಸಿನಲ್ಲೇ ಪಣ ತೊಟ್ಟಿದ್ದ. ಮದುವೆಯಾಗಿ ಈ ಮನೆಗೆ ಬಂದು ವರ್ಷವಾಗಿತ್ತು. ಅತ್ತೆಯ ಬಾಯಲ್ಲಿ ಇನ್ನೂ 'ಬನ್ನಿ', 'ಕೂತ್ಕೊಳ್ಳಿ', 'ನಿಮಗ್ಯಾಕೆ ತೊಂದ್ರೆ' ಇವೇ ಮಾತುಗಳು. ಮರ್ಯಾದೆಗೇನೂ ಕೊರತೆಯಿರಲಿಲ್ಲ, ಆದರೆ ಅದು ನೆಂಟನಿಗೆ ಸಲ್ಲುವ ಮರ್ಯಾದೆ.

ಕೊಳ, ತೀರಿಹೋದ ಮಾವ ನಿಂತು ಕಟ್ಟಿಸಿದ್ದು. ಪ್ರತಿ ಬೇಸಿಗೆಯಲ್ಲೂ ಬೀದಿಯ ಮಕ್ಕಳಿಗೆ ಅದರಲ್ಲಿ ಈಜು ಕಲಿಸುವುದೇ ಅತ್ತೆಗೆ ಬದುಕು, ಅದೇ ಪೂಜೆ. ಮಕ್ಕಳ ಬಾಯಲ್ಲಿ ಅವರು ಮೀನಜ್ಜಿ. ಸೋಮವಾರದಿಂದ ಇಪ್ಪತ್ತೆರಡು ಮಕ್ಕಳು ಬರುವವರಿದ್ದರು.

ಅಳಿಯನದು ಗಡಿಯಾರ ರಿಪೇರಿಯ ಕಸುಬು. ಪೂರ್ತಿ ಬಿಚ್ಚು, ಬರಿದು ಮಾಡು, ಒರೆಸು, ಜೋಡಿಸು. ಅವನಿಗೆ ಗೊತ್ತಿದ್ದ ದಾರಿ ಅದೊಂದೇ. ಹೊದಿಕೆ ಸರಿಸಿದಾಗ ಕೊಳದ ನೀರು ಪಾಚಿಗಟ್ಟಿ ಹಸಿರಾಗಿತ್ತು. ಪಂಪು ಹಚ್ಚಿ ಅಷ್ಟನ್ನೂ ಪಕ್ಕದ ಹೂದೋಟಕ್ಕೆ ಬಿಟ್ಟ. ವಾರವಿಡೀ ಸುರಿದ ಬೇಸಿಗೆ ಮಳೆಗೆ ಆ ನೆಲ ಮೊದಲೇ ನೆನೆದು ಕೆಸರಾಗಿದೆ ಎಂಬುದು ಅವನ ತಲೆಗೇ ಹೋಗಲಿಲ್ಲ. ಎರಡು ದಿನ ಬೆನ್ನು ಬಾಗಿಸಿ ಒಂದೊಂದು ಟೈಲನ್ನೂ ಉಜ್ಜಿದ.

ಭಾನುವಾರ ಬೆಳಿಗ್ಗೆ ಅತ್ತೆ ಬಂದರು. ಅವರು ಚೀಲ ಇಳಿಸುವ ಮೊದಲೇ ಹಿತ್ತಲಿಗೆ ಕರೆದೊಯ್ದ.

"ನೋಡಿ ಅತ್ತೆ, ಹೇಗಿದೆ?"

ಅತ್ತೆಯ ಮುಖ ಬಿಳಿಚಿಕೊಂಡಿತು. "ನೀರೆಲ್ಲಾ ತೆಗ್ದ್ಬಿಟ್ರಾ?"

"ಒಂದು ತೊಟ್ಟೂ ಬಿಟ್ಟಿಲ್ಲ."

ಆಗಲೇ ಕೊಳದ ಹೊಟ್ಟೆಯೊಳಗಿಂದ 'ಟಕ್' ಎಂಬ ಸದ್ದು ಬಂತು. ದಂಡೆಗೂ ಪಕ್ಕದ ಹಾಸುಗಲ್ಲಿಗೂ ನಡುವೆ ಕೂದಲೆಳೆಯಷ್ಟು ಬಿರುಕು. ಬೇರೆಯವರಿಗೆ ಕಾಣುತ್ತಿರಲಿಲ್ಲವೇನೋ, ಗಡಿಯಾರದವನ ಕಣ್ಣಿಗೆ ಕಂಡಿತು.

"ಕೊಳ ಅಂದ್ರೆ ನೆಲದಲ್ಲಿ ಹೂತಿಟ್ಟ ದೋಣಿ ಕಣ್ರೀ," ಅತ್ತೆ ಚೀಲವನ್ನು ಅಲ್ಲೇ ಬಿಸಾಕಿದರು. "ಒಳಗೆ ನೀರಿದ್ರೆ ಭಾರಕ್ಕೆ ಕೂತಿರುತ್ತೆ. ಒಳಗೆ ಖಾಲಿ, ಕೆಳಗೆ ನೀರು ಅಂದ್ರೆ ತೇಲೋಕೆ ನೋಡುತ್ತೆ. ಮೇಲಕ್ಕೆದ್ರೆ ಎರಡು ಹೋಳು. ಮತ್ತೆ ಕಟ್ಟಿಸೋಕೆ ನನ್ನ ಕೈಲಿ ಆಗಲ್ಲ."

"ಈಗ್ಲೇ ಕೊಳಾಯಿ ಬಿಡ್ತೀನಿ!"

"ಅದು ತುಂಬೋ ಹೊತ್ತಿಗೆ ನಾಳೆ ಸಂಜೆ. ತಳದ ಗುಂಡಿಯಲ್ಲಿ ಒಂದು ಬಿರಡೆ ಇದೆ. ಅದನ್ನ ಬಿಚ್ಚಿದ್ರೆ ನೆಲದ ನೀರು ಒಳಗೇ ನುಗ್ಗುತ್ತೆ, ಒತ್ತಡ ಇಳಿಯುತ್ತೆ. ಸರೀರಿ, ನಾನು ಇಳೀತೀನಿ."

"ಆ ನೋಯೋ ಮಂಡಿ ಇಟ್ಕೊಂಡಾ?" ಮಾತು ಕೇಳಿಸಿಕೊಂಡು ಮನೆಯೊಳಗಿಂದ ಸ್ಪ್ಯಾನರ್ ಹಿಡಿದು ಓಡಿಬಂದ ಮಗಳು ಅಮ್ಮನ ರಟ್ಟೆ ಹಿಡಿದಳು. ಸ್ಪ್ಯಾನರನ್ನು ಗಂಡನ ಕೈಗಿತ್ತು, "ಬಿಚ್ಚೋದ್ರಲ್ಲಿ ನೀವು ಶೂರರಲ್ವಾ, ಇದನ್ನೂ ಬಿಚ್ಚಿ," ಎಂದಳು. ಕುಟುಕಿದ್ದು ಹೌದು, ಆದರೆ ಅವಳ ಕಣ್ಣಲ್ಲಿ ನೀರಿತ್ತು.

ಅಳಿಯ ಏಣಿ ಇಳಿದ. ಬರಿಗಾಲಿನಡಿ ನೆಲ ಉಸಿರಾಡುತ್ತಿರುವಂತೆ ಅನ್ನಿಸಿತು. ಬಿರಡೆಗೆ ಸ್ಪ್ಯಾನರ್ ಹಾಕಿ ಜಗ್ಗಿದ. ಜಾರಿತು. ಮತ್ತೆ ಜಗ್ಗಿದ. ಗೆಣ್ಣು ಸುಲಿದು ರಕ್ತ ಬಂತೇ ಹೊರತು ಬಿರಡೆ ಜಪ್ಪಯ್ಯ ಅನ್ನಲಿಲ್ಲ. ಪಟ್ಟೆಂದು ಒಂದು ಟೈಲು ಸಿಡಿದು ಕಾಲ ಬಳಿ ಬಿತ್ತು.

"ಬಿಟ್ಟು ಮೇಲೆ ಬನ್ನಿ!" ಅತ್ತೆ ಕೂಗಿದರು. "ಕೊಳ ಹೋದ್ರೆ ಹೋಗ್ಲಿ!"

ಅವನು ಸ್ಪ್ಯಾನರ್ ಹಿಡಿದು ಬಿರಡೆಯ ಮೇಲೆ ಬಗ್ಗಿದ. ಅಂಗಡಿಯ ಮೇಜು ನೆನಪಾಯಿತು. ಕಚ್ಚಿಕೊಂಡ ತಿರುಪಿನ ಜೊತೆ ಜಗಳಕ್ಕೆ ನಿಲ್ಲಬಾರದು. ಅದು ಹೋಗಬೇಕೆನ್ನುವ ಕಡೆಗೇ ಮೊದಲು ಚೂರು ಹೋಗಗೊಡಬೇಕು. ಸ್ಪ್ಯಾನರಿನ ಹಿಡಿಯಿಂದ ಬಿರಡೆಯ ಸುತ್ತ ಮೆಲ್ಲಗೆ ತಟ್ಟಿದ. ಆಮೇಲೆ ಬಲಕ್ಕೆ ತಿರುಗಿಸಿದ.

"ಅಯ್ಯೋ, ಆ ಕಡೆ ಅಲ್ವೋ! ಬಿಗಿ ಮಾಡ್ತಿದೀಯಲ್ಲೋ!" ಅತ್ತೆ ಚೀರಿದರು.

ಎಳ್ಳಷ್ಟು ಬಿಗಿಯಾಯಿತು; ಒಳಗೆಲ್ಲೋ ತುಕ್ಕು ಕರಕ್ಕೆಂದು ಬಿಟ್ಟುಕೊಟ್ಟಿತು. ತಕ್ಷಣ ಎಡಕ್ಕೆ ತಿರುಗಿಸಿದ. ಒಂದು ಸುತ್ತು, ಎರಡು ಸುತ್ತು. ಬಿರಡೆ ಕೈಗೆ ಬಂದದ್ದೇ ತಡ, ಕೆಮ್ಮಣ್ಣಿನ ಕೆಂಪು ನೀರು ಬುಗ್ಗೆಯಾಗಿ ಚಿಮ್ಮಿ ಅವನನ್ನು ಅಂಗಾತ ಕೆಡವಿತು.

"ಏಳೋ ಮಗಾ! ಏಣಿ ಹಿಡ್ಕೋ!"

ಅವನು ಕೆಮ್ಮುತ್ತಾ ಹತ್ತಿ ಬಂದು ದಂಡೆಯ ಮೇಲೆ ಕವುಚಿಬಿದ್ದು ಬಿರುಕಿಗೇ ಕಣ್ಣು ನೆಟ್ಟ. ಕೆಸರುನೀರು ಮೊಣಕಾಲೆತ್ತರ ಬಂತು, ಸೊಂಟದೆತ್ತರ ಬಂತು. ಬಿರುಕು ಇದ್ದಷ್ಟೇ ಇತ್ತು. ಸದ್ದು ನಿಂತಿತು. ಅತ್ತೆ ಕಣ್ಣು ಮುಚ್ಚಿದರು; ಅವರ ತುಟಿ ಮಾತ್ರ ಅಲುಗುತ್ತಿತ್ತು.

ಅವನು ಉಜ್ಜಿದ ಬಿಳುಪೆಲ್ಲ ಕೆಸರಿನಡಿ ಮುಳುಗಿತ್ತು.

"ಅತ್ತೆ, ನಾಳೆ ಮಕ್ಕಳು..."

"ಹತ್ತು ದಿನ ತಡ ಅಂತ ಹೇಳಿದ್ರಾಯ್ತು. ಇಪ್ಪತ್ತೆರಡು ಮನೆಗೂ ನೀನೇ ಹೋಗಿ ಹೇಳು. ಯಾಕೆ ಅಂತ ಕೇಳ್ತಾರೆ, ಅದನ್ನೂ ನೀನೇ ಹೇಳು." ಅತ್ತೆ ಸೆರಗಿನಿಂದ ಅವನ ಹಣೆಯ ಕೆಸರು ಒರೆಸಿದರು. "ಮೊದ್ಲು ಆ ಕೈಗೆ ಔಷಧಿ ಹಚ್ಕೋ."

ಔಷಧಿಯನ್ನೇನೋ ಹಚ್ಚಿಕೊಂಡ. ಬಟ್ಟೆ ಬದಲಿಸುವುದು ಮಾತ್ರ ನೆನಪಾಗಲಿಲ್ಲ; ಮೊದಲ ಮನೆಯ ಬಾಗಿಲು ತಟ್ಟಿದಾಗ ಅವನ ತಲೆಯಿಂದ ಇನ್ನೂ ಕೆಂಪು ನೀರು ತೊಟ್ಟಿಕ್ಕುತ್ತಿತ್ತು.